ಹಾಡಿಗೊಂದು ಸಂಜೆ

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಊರಲ್ಲಿ ತಾಯಿಯ ದಿನ ಕೊಟ್ಟಿಗೆಯಲ್ಲಿ ಶುರುವಾಗಿ ಮಕ್ಕಳ ಹೋಂವರ್ಕ್‌ನಲ್ಲಿ ಮುಗಿಯುತ್ತದೆ. ನಡುವೆ ಹಾಡಿಗೆಲ್ಲಿ ಪುರುಸೊತ್ತು?

ಮಲೆನಾಡಿನ ಹೆಂಗಸರು ಪುರುಸೊತ್ತಿಗೆ ಕಾಯಲೇ ಇಲ್ಲ. ಗದ್ದೆಯಲ್ಲಿ ಸಸಿ ನೆಡುತ್ತ ಹಾಡಿದರು, ಗೋಡೆಗೆ ಹಸೆ ಚಿತ್ತಾರ ಬರೆಯುತ್ತ ಹಾಡಿದರು. ಮದುವೆಯ ಸೋಬಾನೆಯಲ್ಲಿ ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಎಂಥ ಜಾಣ ಏರ್ಪಾಡು! ಒಬ್ಬರಿಗೆ ಉಸಿರು ಸಾಲದಿದ್ದರೆ ಪಕ್ಕದವರ ದನಿ ಆಸರೆ. ಸಾಲು ಮರೆತರೂ ಹಾಡು ನಿಲ್ಲದು.

ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. 12ನೇ ಶತಮಾನದ ಆಕೆಯ ವಚನಗಳನ್ನು ನಾಡಿನ ಅಕ್ಕನ ಬಳಗಗಳಲ್ಲಿ ಹೆಂಗಸರು ಇಂದಿಗೂ ಒಟ್ಟಾಗಿ ಹಾಡುತ್ತಾರೆ.

2015ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲೂ ಒಟ್ಟಾಗಿ ಹಾಡುವುದರ ಈ ಬಲ ಕಂಡಿತು: ಕರಕುಶಲ, ಬರವಣಿಗೆ ತರಗತಿಗಳಿಗಿಂತ ಹಾಡಿನ ತರಗತಿಯಲ್ಲಿ ಅಪರಿಚಿತರು ಬೇಗ ಹತ್ತಿರವಾದರು.

ತಾಯಂದಿರು ಕೂಡಿ ಹಾಡಲು ವಾರಕ್ಕೊಂದು ಸಂಜೆ, ಒಂದೇ ತಾಸು ಸಾಕು. ಮಗು ಮಡಿಲಲ್ಲೇ ನಿದ್ದೆಹೋದರೆ ಹೋಗಲಿ, ಪಲ್ಲವಿ ಇನ್ನೊಮ್ಮೆ ಬರುತ್ತದೆ.