ಬಿಸಿಲಿಗೆ ವಲಸೆ ಹೋದ ಆಟ

ಕಳೆದ ಡಿಸೆಂಬರ್ ರಜೆಯಲ್ಲಿ ನಮ್ಮ ದೊಡ್ಡಪ್ಪನ ಮಗ ಹೆಂಡತಿ ಮಕ್ಕಳೊಡನೆ ಅಮೆರಿಕದಿಂದ ಬಂದು ಮುಂಬಯಿಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದ. ಧಾರವಾಡದಲ್ಲಿ ಓದಿ, ನೌಕರಿಗೆಂದು ಮುಂಬಯಿಗೆ ಬಂದು, ಇಲ್ಲಿಂದ ಕಡಲು ದಾಟಿದವನು ಅವನು. ಈಗ ಇಪ್ಪತ್ತು ವರ್ಷಗಳಿಂದ ಮಿನ್ನೆಸೋಟಾ ಎಂಬ ರಾಜ್ಯದಲ್ಲಿ ನೆಲೆಸಿದ್ದಾನೆ. ಅವನ ಹಿರಿಯ ಮಗನಿಗೆ ಹದಿನಾರು ವರ್ಷ. ಬಂದ ಮರುದಿನವೇ ಆ ಹುಡುಗ ಎಡಗೈಗೆ ದಪ್ಪನೆಯ ಚರ್ಮದ ಗವಸು ಹಾಕಿಕೊಂಡು, ಬಲಗೈಯಲ್ಲಿ ಕೆಂಪು ಹೊಲಿಗೆಯ ಬಿಳಿ ಚೆಂಡು ಹಿಡಿದು, ನಮ್ಮ ಸರಕಾರಿ ವಸತಿಯ ಅಂಗಳಕ್ಕೆ ಇಳಿದ. ಅಲ್ಲಿ ಕ್ರಿಕೆಟ್ ಆಡುತ್ತಿದ್ದ ನಮ್ಮ ಹುಡುಗರು, "ಕೈಗೆ ಚೀಲ ಕಟ್ಟಿಕೊಂಡು ಕ್ಯಾಚ್ ಹಿಡಿಯುವುದೂ ಒಂದು ಆಟವೇ?" ಎಂದು ನಕ್ಕರು. ಅವನು ಏನೂ ಹೇಳದೆ, ಗೇಟಿನ ಬಳಿ ನಿಂತು ಅಂಗಳದ ಆ ತುದಿಯ ನೀರಿನ ಟಾಕಿಗೆ ನೇರವಾಗಿ ಚೆಂಡು ಎಸೆದ. ಆಮೇಲೆ ಯಾರೂ ನಗಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅವನೇ ಮಾತು ತೆಗೆದ. "ಕಾಕಾ, ನಾನು ಕಾಲೇಜಿಗೆ ಟೆಕ್ಸಾಸಿಗೋ ಫ್ಲಾರಿಡಾಕ್ಕೋ ಹೋಗಬೇಕು. ನಮ್ಮೂರಿನಲ್ಲೇ ಇದ್ದರೆ ನನ್ನ ಬೇಸ್‌ಬಾಲ್ ಬೆಳೆಯುವುದಿಲ್ಲ." ಈ ಮಾತು ಕೇಳಿ ನಮ್ಮ ವೈನಿಯ ಮುಖ ಸಣ್ಣಗಾಯಿತು. ಟೆಕ್ಸಾಸ್ ಎಂದರೆ ಅವರ ಊರಿನಿಂದ ಸಾವಿರದೈನೂರು ಕಿಲೋಮೀಟರಿಗೂ ದೂರ. ಮನೆಯಿಂದ ಒಂದು ಗಂಟೆಯ ಹಾದಿಯೊಳಗೇ ದೊಡ್ಡದೊಂದು ವಿಶ್ವವಿದ್ಯಾನಿಲಯವಿದೆ, ಅದಕ್ಕೆ ಬೇಸ್‌ಬಾಲ್ ತಂಡವೂ ಇದೆ. ಹಾಗಿದ್ದೂ ಮಗ ದೂರ ಹೋಗುತ್ತೇನೆ ಎನ್ನುತ್ತಾನೆ.

ಒಂದೇ ದೇಶ, ಒಂದೇ ಆಟ, ಒಂದೇ ನಿಯಮ. ಆದರೂ ಒಂದು ಸೀಮೆಯಲ್ಲಿ ಬೆಳೆಯುವ ಆಟ ಇನ್ನೊಂದು ಸೀಮೆಯಲ್ಲಿ ಏಕೆ ಸೊರಗಬೇಕು? ಕಡತದ ಹಿಂದಿನ ಕಾಗದಗಳನ್ನು ನೋಡದೆ ಮುಂದಿನದನ್ನು ಬರೆಯಬಾರದೆಂಬುದು ನಮ್ಮ ಕಚೇರಿಯ ಅಭ್ಯಾಸ. ಆ ಅಭ್ಯಾಸ ಬಲದಿಂದ ನಾನು ಈ ಆಟದ ಹಳೆಯ ದಾಖಲೆಗಳನ್ನು ತಿರುವಿ ನೋಡಿದೆ. ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಹುಟ್ಟಿದ್ದು ಹಿಮದ ನಾಡಿನಲ್ಲಿ

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಇಲ್ಲಿಯೂ ಒಬ್ಬ ಎಸೆಯುತ್ತಾನೆ, ಒಬ್ಬ ದಾಂಡಿನಿಂದ ಹೊಡೆಯುತ್ತಾನೆ. ಆದರೆ ಚೆಂಡು ನೆಲಕ್ಕೆ ಪುಟಿಯದೆ ಬರುತ್ತದೆ, ದಾಂಡು ಒನಕೆಯಂತೆ ದುಂಡಗಿರುತ್ತದೆ. ಹೊಡೆದವನು ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಒಂದೊಂದು ತಂಡಕ್ಕೆ ಒಂಬತ್ತು ಆಟಗಾರರು, ಒಂಬತ್ತು ಸರದಿಗಳು.

ಎರಡು ಕಾಲೇಜುಗಳ ನಡುವೆ ಈ ಆಟದ ಮೊದಲ ಪಂದ್ಯ ನಡೆದದ್ದು 1859ರ ಜುಲೈ 1ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ. ಆಮ್‌ಹರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು 73–32ರಿಂದ ಸೋಲಿಸಿತು. ಇದು ಚಳಿಗಾಲದಲ್ಲಿ ಹಿಮ ಬೀಳುವ ಈಶಾನ್ಯ ಸೀಮೆ. ಅಂದರೆ ಕಾಲೇಜು ಬೇಸ್‌ಬಾಲ್ ಕಣ್ಣು ತೆರೆದದ್ದೇ ತಣ್ಣನೆಯ ನಾಡಿನಲ್ಲಿ.

ಇಡೀ ದೇಶದ ವಿಶ್ವವಿದ್ಯಾನಿಲಯಗಳಿಗೆ ಒಂದು ಪ್ರಶಸ್ತಿ ಪಂದ್ಯಾವಳಿ ಏರ್ಪಟ್ಟದ್ದು 1947ರಲ್ಲಿ. ಅದರ ಅಂತಿಮ ಪಂದ್ಯಗಳು ನಡೆದದ್ದೂ ಉತ್ತರದ ಮಿಷಿಗನ್ ರಾಜ್ಯದ ಕಲಮಜೂದಲ್ಲಿಯೇ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ಈಶಾನ್ಯದ ಯೇಲ್ ವಿಶ್ವವಿದ್ಯಾನಿಲಯವನ್ನು ಸೋಲಿಸಿತು. ಸೋತ ತಂಡದಲ್ಲಿ ಮೊದಲ ಮೂಲೆ ಕಾಯುತ್ತಿದ್ದ ತರುಣನ ಹೆಸರು ಜಾರ್ಜ್ ಬುಷ್. ಮುಂದೆ 1989ರಲ್ಲಿ ಅಮೆರಿಕದ ಅಧ್ಯಕ್ಷನಾದವನು ಇವನೇ. ಮರುವರ್ಷವೂ ಯೇಲ್ ಅಂತಿಮ ಘಟ್ಟಕ್ಕೆ ಬಂದು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಸೋತಿತು. 1950ರಿಂದ ಈ ಅಂತಿಮ ಪಂದ್ಯಗಳು ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ನಡೆಯುತ್ತ ಬಂದಿವೆ. ಕಾಲೇಜು ಆಟಗಾರನಿಗೆ ಒಮಾಹಾ ಎಂದರೆ ಕಾಶಿ ಇದ್ದಂತೆ, ಒಮ್ಮೆಯಾದರೂ ಹೋಗಿಬರಬೇಕು.

ಆ ಮೊದಲ ಇಪ್ಪತ್ತು ವರ್ಷಗಳಲ್ಲಿ ಉತ್ತರದವರು ಹಿಂದೆ ಬಿದ್ದಿರಲಿಲ್ಲ. 1952ರಲ್ಲಿ ಮ್ಯಾಸಚೂಸೆಟ್ಸಿನ ಹೋಲಿ ಕ್ರಾಸ್ ಗೆದ್ದಿತು. 1953 ಮತ್ತು 1962ರಲ್ಲಿ ಮಿಷಿಗನ್ ಗೆದ್ದಿತು. ನಮ್ಮ ಹುಡುಗನ ಮಿನ್ನೆಸೋಟಾ 1956, 1960 ಮತ್ತು 1964ರಲ್ಲಿ ಮೂರು ಸಲ ಗೆದ್ದಿತು. 1966ರಲ್ಲಿ ಒಹಾಯೊ ಸ್ಟೇಟ್ ಗೆದ್ದಿತು. ಅಲ್ಲಿಗೆ ಮುಗಿಯಿತು. 1967ರಿಂದ 2025ರವರೆಗೆ ಈಶಾನ್ಯದ ರಾಜ್ಯಗಳಿಂದಾಗಲಿ ದೊಡ್ಡ ಸರೋವರಗಳ ಸುತ್ತಲಿನ ರಾಜ್ಯಗಳಿಂದಾಗಲಿ ಒಂದು ತಂಡವೂ ಈ ಪ್ರಶಸ್ತಿಯನ್ನು ಮನೆಗೆ ಒಯ್ಯಲಿಲ್ಲ.

ಫೆಬ್ರುವರಿಯ ಲೆಕ್ಕ

ಪ್ರಶಸ್ತಿ ಎಲ್ಲಿಗೆ ಹೋಯಿತು? ಬಿಸಿಲಿದ್ದಲ್ಲಿಗೆ. 1967ರಿಂದ 1981ರವರೆಗಿನ ಹದಿನೈದು ಪ್ರಶಸ್ತಿಗಳಲ್ಲಿ ಹದಿನಾಲ್ಕು ಅರಿಜೋನಾ ಮತ್ತು ಕ್ಯಾಲಿಫೋರ್ನಿಯ ಎಂಬ ಎರಡೇ ರಾಜ್ಯಗಳ ಪಾಲಾದವು. ಉಳಿದ ಒಂದು, 1975ರದು, ಟೆಕ್ಸಾಸಿಗೆ ಹೋಯಿತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ರಾಡ್ ಡಿಡೋ ಎಂಬ ಗುರುವಿನ ಕೈಕೆಳಗೆ 1970ರಿಂದ 1974ರವರೆಗೆ ಸತತ ಐದು ವರ್ಷ ಗೆದ್ದಿತು.

ಇದರ ಮೊದಲ ಕಾರಣವನ್ನು ತಿಳಿಯಲು ಪಂಚಾಂಗವೇ ಸಾಕು. ಅಮೆರಿಕದ ಕಾಲೇಜುಗಳಿಗೆ ಮೇ ತಿಂಗಳಿನಲ್ಲಿ ವರ್ಷ ಮುಗಿಯುತ್ತದೆ. ಆದ್ದರಿಂದ ಬೇಸ್‌ಬಾಲ್ ಋತು ಫೆಬ್ರುವರಿ ನಡುವಿನಲ್ಲಿಯೇ ಆರಂಭವಾಗಬೇಕು. ಆಗ ಫ್ಲಾರಿಡಾದಲ್ಲಿ ಹಸಿರು ಹುಲ್ಲು, ಮಿನ್ನೆಸೋಟಾದಲ್ಲಿ ಹೆಪ್ಪುಗಟ್ಟಿದ ನೆಲ. ಉತ್ತರದ ತಂಡಗಳು ಮೊದಲ ಕೆಲವು ವಾರ ವಿಮಾನ ಹತ್ತಿ ದಕ್ಷಿಣಕ್ಕೆ ಹೋಗಿ, ಎದುರಾಳಿಯ ಅಂಗಳದಲ್ಲಿ, ಎದುರಾಳಿಯ ಜನರ ಕೂಗಾಟದ ನಡುವೆ ಆಡಬೇಕು. ಪಾಠಗಳೂ ತಪ್ಪುತ್ತವೆ, ಹಣವೂ ಖರ್ಚಾಗುತ್ತದೆ. ಮಿನ್ನೆಸೋಟಾದವರು ಮಿನಿಯಾಪೊಲಿಸಿನಲ್ಲಿ ಮಾಡು ಹೊದಿಸಿದ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣದೊಳಗೆ ಆಡಿ ಚಳಿಯನ್ನು ತಪ್ಪಿಸಿಕೊಳ್ಳುವುದುಂಟು. ಆದರೂ ಮಾಡಿನ ಕೆಳಗಿನ ಆಟ ಬಯಲಿನ ಆಟಕ್ಕೆ ಸಮವಾಗದು.

ಹಿಂದೆ ಇದಕ್ಕಿಂತ ಹೆಚ್ಚಿನ ಅನ್ಯಾಯವಿತ್ತು. ಬೆಚ್ಚನೆಯ ಸೀಮೆಯ ತಂಡಗಳು ಜನವರಿ ಕೊನೆಗೇ ಪಂದ್ಯ ಹೂಡಿ, ಉತ್ತರದವರು ಬಯಲಿಗೆ ಇಳಿಯುವ ಹೊತ್ತಿಗೆ ಹಲವು ಪಂದ್ಯಗಳ ಅನುಭವ ಗಳಿಸಿರುತ್ತಿದ್ದವು. 2008ರಿಂದ ಎಲ್ಲರೂ ಒಂದೇ ದಿನ ಆರಂಭಿಸಬೇಕೆಂಬ ನಿಯಮ ಬಂದಿತು. ಋತುವನ್ನೇ ಬೇಸಗೆಯತ್ತ ಸರಿಸಿರೆಂದು ಉತ್ತರದ ತರಬೇತಿಗಾರರು ಕೇಳಿದ್ದುಂಟು. ಆದರೆ ಆರಂಭ ಫೆಬ್ರುವರಿಯಲ್ಲಿಯೇ ಉಳಿದಿದೆ.

ಊರೇ ತಂಡವಾದಾಗ

ಆದರೆ ಬಿಸಿಲೊಂದೇ ಕಾರಣವೆಂದು ಹೇಳಿ ಕಡತ ಮುಚ್ಚುವಂತಿಲ್ಲ. ಬಿಸಿಲು ಹಿಂದೆಯೂ ಇತ್ತು, 1956ರಲ್ಲಿ ಮಿನ್ನೆಸೋಟಾ ಗೆದ್ದಾಗಲೂ ಇತ್ತು. ಎರಡನೆಯ ಕಾರಣ ಜನರ ಅಭಿಮಾನ.

ನ್ಯಾಷನಲ್, ಅಮೆರಿಕನ್ ಎಂಬ ಎರಡು ದೊಡ್ಡ ವೃತ್ತಿಪರ ಲೀಗುಗಳ ತಂಡಗಳು ಬಹುಕಾಲ ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಡೆಟ್ರಾಯಿಟ್ ಮೊದಲಾದ ಉತ್ತರದ ನಗರಗಳಲ್ಲಿಯೇ ಇದ್ದವು. ಅವು ಕ್ಯಾಲಿಫೋರ್ನಿಯಕ್ಕೆ ಬಂದದ್ದು 1958ರಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ನಿಗೆ 1962ರಲ್ಲಿ, ಜಾರ್ಜಿಯಾದ ಅಟ್ಲಾಂಟಾಕ್ಕೆ 1966ರಲ್ಲಿ. ಈಗಿನ ಮೂವತ್ತು ತಂಡಗಳಲ್ಲಿಯೂ ಲೂಯಿಸಿಯಾನಾ, ಮಿಸಿಸಿಪ್ಪಿ ರಾಜ್ಯಗಳಿಗೆ ಒಂದೂ ಇಲ್ಲ. ಬಾಸ್ಟನ್ನಿನವನು ವೃತ್ತಿಪರ ತಂಡಕ್ಕೆ ಜೈ ಎನ್ನುತ್ತಾನೆ, ಅಲ್ಲಿಯ ಕಾಲೇಜು ತಂಡವನ್ನು ನೋಡಲು ತಂದೆತಾಯಿ, ಗೆಳೆಯರು ಬಂದರೆ ಹೆಚ್ಚು. ಲೂಯಿಸಿಯಾನಾದವನಿಗಾದರೋ ವಿಶ್ವವಿದ್ಯಾನಿಲಯದ ತಂಡವೇ ಊರಿನ ತಂಡ, ನಾಡಿನ ತಂಡ.

ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾನಿಲಯವಿರುವ ಸ್ಟಾರ್ಕ್‌ವಿಲ್ ಒಂದು ಚಿಕ್ಕ ಊರು. 2023ರಲ್ಲಿ ಅಲ್ಲಿಯ ಒಂದು ಪಂದ್ಯಕ್ಕೆ 16,000ಕ್ಕೂ ಹೆಚ್ಚು ಜನ ನೆರೆದಿದ್ದರು. ಮೈದಾನದ ಎಡ ಅಂಚಿನ ಬೇಲಿಯ ಆಚೆ ಮನೆಮಂದಿಯೆಲ್ಲ ಕೂಡಿ, ಒಲೆ ಹೂಡಿ, ಅಡಿಗೆ ಮಾಡಿಕೊಂಡು ಆಟ ನೋಡುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ಬಂದಿದೆ. ನಮ್ಮ ಊರ ಜಾತ್ರೆಯನ್ನು ನೆನೆಸಿಕೊಂಡರೆ ಸಾಕು. ಜನ ಬಂದರೆ ಟಿಕೆಟ್ಟಿನ ಹಣ ಬರುತ್ತದೆ, ಹಣ ಬಂದರೆ ಒಳ್ಳೆಯ ಮೈದಾನ, ಒಳ್ಳೆಯ ಗುರು ಬರುತ್ತಾರೆ, ಅವರನ್ನು ಹುಡುಕಿಕೊಂಡು ಒಳ್ಳೆಯ ಆಟಗಾರ ಬರುತ್ತಾನೆ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯ ಈ ದಾರಿಯಿಂದಲೇ 1991ರಿಂದ 2025ರವರೆಗೆ ಎಂಟು ಪ್ರಶಸ್ತಿ ಗಳಿಸಿತು.

ಮೂರನೆಯ ಕಾರಣ ಹಣದ್ದೇ ಇನ್ನೊಂದು ಮುಖ. 2025ರ ಬೇಸಗೆಯಲ್ಲಿ ನಿಯಮ ಬದಲಾಗುವವರೆಗೆ ಒಂದು ಬೇಸ್‌ಬಾಲ್ ತಂಡಕ್ಕೆ ಒಟ್ಟು 11.7 ವಿದ್ಯಾರ್ಥಿವೇತನಗಳಷ್ಟೇ ಇದ್ದವು. ಅವನ್ನು ತಂಡದ ಎರಡು ಡಜನ್ನಿಗೂ ಹೆಚ್ಚು ಹುಡುಗರಿಗೆ ತುಂಡು ತುಂಡಾಗಿ ಹಂಚಬೇಕಿತ್ತು. ಅದೇ ಹೊತ್ತಿಗೆ ಜಾರ್ಜಿಯಾ 1993ರಲ್ಲಿ, ಫ್ಲಾರಿಡಾ 1997ರಲ್ಲಿ ಲಾಟರಿಯ ಆದಾಯದಿಂದ ತಮ್ಮ ರಾಜ್ಯದ ಜಾಣ ವಿದ್ಯಾರ್ಥಿಗಳ ಶುಲ್ಕ ತುಂಬುವ ಯೋಜನೆ ತಂದವು. ಓದಿನಲ್ಲಿಯೂ ಮುಂದಿದ್ದ ಅಲ್ಲಿಯ ಆಟಗಾರನಿಗೆ ಸರಕಾರವೇ ಶುಲ್ಕ ಕೊಟ್ಟಿತು. ತಂಡದ ಹಣ ಇನ್ನೊಬ್ಬನಿಗೆ ಉಳಿಯಿತು.

ಇವೆಲ್ಲ ಕೂಡಿದ ಫಲ ಈಚಿನ ವರ್ಷಗಳಲ್ಲಿ ಎದ್ದು ಕಾಣುತ್ತದೆ. 2020ರಲ್ಲಿ ಮಹಾಮಾರಿಯಿಂದ ಪಂದ್ಯಾವಳಿ ನಡೆಯಲಿಲ್ಲ. ಅದನ್ನು ಬಿಟ್ಟರೆ 2019ರಿಂದ 2025ರವರೆಗಿನ ಆರು ಪ್ರಶಸ್ತಿಗಳೂ ಆಗ್ನೇಯ ಸೀಮೆಯ ಒಂದೇ ಕೂಟದ ವಿಶ್ವವಿದ್ಯಾನಿಲಯಗಳಿಗೆ ಹೋದವು: ವ್ಯಾಂಡರ್ಬಿಲ್ಟ್, ಮಿಸಿಸಿಪ್ಪಿ ಸ್ಟೇಟ್, ಮಿಸಿಸಿಪ್ಪಿ, ಲೂಯಿಸಿಯಾನಾ ಸ್ಟೇಟ್, ಟೆನೆಸಿ, ಮತ್ತೆ ಲೂಯಿಸಿಯಾನಾ ಸ್ಟೇಟ್. ಇನ್ನೊಂದು ಕಡೆ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ 1991ರಲ್ಲಿಯೂ ವರ್ಮಾಂಟ್ ವಿಶ್ವವಿದ್ಯಾನಿಲಯ 2009ರಲ್ಲಿಯೂ ಬೇಸ್‌ಬಾಲ್ ತಂಡವನ್ನೇ ಮುಚ್ಚಿದವು. ತಂಡ ಮುಚ್ಚಿದಾಗ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಆದರೆ ಆ ಸೀಮೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ 'ದೊಡ್ಡವನಾದ ಮೇಲೆ ಆ ಅಂಗಿ ತೊಡುತ್ತೇನೆ' ಎಂದುಕೊಂಡಿದ್ದರೆ, ಅವನಿಗೆ ಆದ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ನೆಲವೇ ಹಣೆಬರಹವೇ?

ಇಷ್ಟು ಓದಿದಾಗ ಹುಡುಗನ ಮಾತೇ ನಿಜವೆಂದು ನನಗೂ ತೋರಿತು. ಆದರೆ ದಾಖಲೆಯಲ್ಲಿ ಇನ್ನೂ ಕೆಲವು ಹಾಳೆಗಳಿದ್ದವು.

ದೇಶದ ಈಶಾನ್ಯ ತುದಿಯ ಮೇನ್ ರಾಜ್ಯದಲ್ಲಿ ಹಿಮಕ್ಕೆ ಕೊರತೆಯಿಲ್ಲ. ಆದರೂ ಮೇನ್ ವಿಶ್ವವಿದ್ಯಾನಿಲಯ 1981ರಿಂದ 1984ರವರೆಗೆ ಸತತ ನಾಲ್ಕು ವರ್ಷ ಒಮಾಹಾ ತಲುಪಿತು. ಮಳೆಗೆ ಹೆಸರಾದ ವಾಯವ್ಯದ ಆರೆಗನ್ ಸ್ಟೇಟ್ 2006, 2007 ಮತ್ತು 2018ರಲ್ಲಿ ಪ್ರಶಸ್ತಿಯನ್ನೇ ಗೆದ್ದಿತು. 2012ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ಎಂಬ ಅಷ್ಟೇನೂ ಹೆಸರಿಲ್ಲದ ತಂಡ ಲೂಯಿಸಿಯಾನಾ ಸ್ಟೇಟ್ ತಂಡವನ್ನು ಅದರ ಅಂಗಳದಲ್ಲಿಯೇ ಮಣಿಸಿ ಒಮಾಹಾಕ್ಕೆ ಹೋಯಿತು. 2019ರಲ್ಲಿ ಮಿಷಿಗನ್ ಅಂತಿಮ ಘಟ್ಟದವರೆಗೆ ಬಂದು, ಮೂರನೆಯ ಪಂದ್ಯದಲ್ಲಿ ಸೋತಿತು. ಬಿಸಿಲಿನ ನಾಡಿನವರಿಗೆ ಅರ್ಧ ದಾರಿ ಇಳಿಜಾರು, ಚಳಿಯ ನಾಡಿನವರಿಗೆ ಪೂರ್ತಿ ಏರು. ಏರು ಎಂದ ಮಾತ್ರಕ್ಕೆ ದಾರಿಯೇ ಇಲ್ಲವೆಂದಲ್ಲ.

ಮುಂಬಯಿಯಲ್ಲಿರುವ ನಾವು ಈ ಮಾತನ್ನು ಬಲ್ಲೆವು. ರಣಜಿ ಟ್ರೋಫಿಯನ್ನು ಮುಂಬಯಿ 1958–59ರಿಂದ 1972–73ರವರೆಗೆ ಸತತ ಹದಿನೈದು ಸಲ ಗೆದ್ದಿತ್ತು. ಇಲ್ಲಿಯೂ ಕಾರಣ ಬರಿಯ ಹವೆಯಲ್ಲ. ಮೈದಾನಗಳು, ಶಾಲೆಗಳ ಪಂದ್ಯಗಳು, ಕಚೇರಿಗಳ ತಂಡಗಳು, ಸಾಲದ್ದಕ್ಕೆ ಸುರಿಯುವ ಮಳೆಗಾಲದಲ್ಲಿಯೇ ಆಡುವ, 1948ರಲ್ಲಿ ಆರಂಭವಾದ ಕಾಂಗಾ ಲೀಗ್. ಮಳೆಯನ್ನು ನೆಪ ಮಾಡದೆ ಮಳೆಯಲ್ಲಿಯೇ ಆಡಿದ ಊರು ಇದು. ಆ ಮುಂಬಯಿಯನ್ನು 1973–74ರ ಉಪಾಂತ್ಯದಲ್ಲಿ ಹಿಂದೆ ಹಾಕಿ, ಪ್ರಸನ್ನ ಅವರ ನಾಯಕತ್ವದಲ್ಲಿ ಮೊದಲ ಸಲ ಟ್ರೋಫಿ ಗೆದ್ದದ್ದು ನಮ್ಮ ಕರ್ನಾಟಕ. ಮರುದಿನ ಇಲ್ಲಿಯ ಕಚೇರಿಗಳಲ್ಲಿ ಕನ್ನಡಿಗರು ಎದೆ ಸೆಟೆಸಿ ಓಡಾಡಿದರಂತೆ. ಇದು ನಾನು ಹುಟ್ಟುವ ಮೊದಲಿನ ಮಾತು. ತಂದೆಯವರಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅಣ್ಣನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿ, "ಕಾಕಾ, ಕರ್ನಾಟಕದವರು ಗೆದ್ದದ್ದು ಸರಿ. ಆದರೆ ಗೆಲ್ಲುವ ತನಕ ಕಾದವರು ಎಷ್ಟು ಜನ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಹದಿನಾರು ವರ್ಷದವನ ತೋಳಿಗೆ ಕಾಯಲು ಹೊತ್ತೆಲ್ಲಿದೆ?

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ದೊಡ್ಡವ್ವ ಅಷ್ಟು ಹೊತ್ತೂ ಸುಮ್ಮನಿದ್ದವಳು ವೈನಿಯ ಕಡೆ ನೋಡಿ, "ಊರ ಬಿಟ್ಟವರ ಮಗ ಊರ ಬಿಡತೇನಂದ್ರ ಅದರಾಗ ಏನ ಸೋಜಿಗ ಐತವಾ? ನಿನ್ನ ಗಂಡ ಧಾರವಾಡ ಬಿಟ್ಟ ದಿನ ನನಗ ಹಿಂಗ ಆಗಿತ್ತು" ಎಂದಳು. ಅಣ್ಣ ತಲೆ ತಗ್ಗಿಸಿ ಊಟ ಮುಗಿಸಿದ.

ಹೋಗುವ ದಿನ ಹುಡುಗ ಆ ಕೆಂಪು ಹೊಲಿಗೆಯ ಚೆಂಡನ್ನು ನನ್ನ ಮಗಳಿಗೆ ಕೊಟ್ಟುಹೋದ. ಮೊನ್ನೆ ಅಣ್ಣ ಫೋನ್ ಮಾಡಿದ್ದ. ಹುಡುಗ ದಕ್ಷಿಣದ ಮೂರು ಕಾಲೇಜುಗಳಿಗೆ ಬರೆಯುವ ಯೋಚನೆಯಲ್ಲಿದ್ದಾನಂತೆ, ಜೊತೆಗೆ ಊರಿನ ವಿಶ್ವವಿದ್ಯಾನಿಲಯಕ್ಕೂ ಬರೆಯುತ್ತಾನಂತೆ. ವೈನಿ ಈ ನಾಲ್ಕನೆಯ ಕಾಗದದ ಮೇಲೆಯೇ ಕಣ್ಣಿಟ್ಟಿದ್ದಾರೆ. ಎಲ್ಲಿ ಹೋದರೂ ಅವನ ಆಟ ಬೆಳೆಯಲಿ. ಅವನನ್ನು ಬೆಳೆಸಿದ ಚಳಿಯ ಊರಿನಲ್ಲಿಯೂ ಯಾರಾದರೊಬ್ಬರು ಮೈದಾನದ ಹಿಮ ಗೋರುತ್ತ ಇರಲಿ.