ಗೊಮ್ಮಟನೆತ್ತರದ ದಾಖಲೆ, ಎವರೆಸ್ಟ್ ಎತ್ತರದ ಫೋಟೊ

73 ಕೋಟಿ! ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವಿಡೀ ಶುರುವಾದದ್ದು 2021ರ ಸೆಪ್ಟೆಂಬರಿನಲ್ಲಿ. 2025ರ ಆರಂಭದ ಹೊತ್ತಿಗೆ ಅದರಡಿ ‘ಆಭಾ’ ಆರೋಗ್ಯ ಖಾತೆಯ 14 ಅಂಕಿಯ ಸಂಖ್ಯೆ ಪಡೆದವರು 73 ಕೋಟಿ ದಾಟಿದ್ದರು. ಇಡೀ ಯುರೋಪ್ ಖಂಡದ ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಹಂಚಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಈ ಅಷ್ಟೂ ಸಂಖ್ಯೆಗಳನ್ನು ಬರೆದಿಡಲು ಎಷ್ಟು ಜಾಗ ಬೇಕು? 14 ಅಂಕಿಯ ಒಂದು ಸಂಖ್ಯೆಗೆ ಕಂಪ್ಯೂಟರಿನಲ್ಲಿ ಆರೇ ಬೈಟ್ ಸಾಕು. 73 ಕೋಟಿಯನ್ನು ಆರರಿಂದ ಗುಣಿಸಿ: 438 ಕೋಟಿ ಬೈಟ್. ಹಿಂದೆ ಸಿನಿಮಾ ನೋಡಲು ತರುತ್ತಿದ್ದೆವಲ್ಲ, ಆ 4.7 ಜಿಬಿಯ ಒಂದೇ ಡಿವಿಡಿಯಲ್ಲಿ ಎಲ್ಲವೂ ಕೂತು ಇನ್ನೂ ಜಾಗ ಉಳಿಯುತ್ತದೆ!

ಸಂಖ್ಯೆ ಬಿಡಿ, ಅದರ ಹಿಂದಿನ ಮನುಷ್ಯನಿಗೆ ಬರೋಣ. ಒಬ್ಬರು ನೂರು ವರ್ಷ ಬಾಳಲಿ. ಹುಟ್ಟಿದ ವಾರದಿಂದ ಕೊನೆಯ ವಾರದವರೆಗೆ ತಪ್ಪದೆ ವಾರಕ್ಕೊಂದು ಪುಟ ವೈದ್ಯಕೀಯ ವರದಿ ಬರಲಿ. ಅಷ್ಟೊಂದು ಆಸ್ಪತ್ರೆ ಯಾರಿಗೂ ಬೇಡ, ಆದರೂ ಇರಲಿ. ಒಟ್ಟು 5,200 ಪುಟ. ಪುಟಕ್ಕೆ 2,000 ಅಕ್ಷರ. ಇಂಗ್ಲಿಷಿನಲ್ಲಿ ಟೈಪಾದರೆ ಅಕ್ಷರಕ್ಕೊಂದು ಬೈಟ್. ಎಲ್ಲ ಸೇರಿ ಸುಮಾರು ಒಂದು ಕೋಟಿ ಬೈಟ್, ಅಂದರೆ 10 ಎಂಬಿ. ಜ್ವರ, ಸಕ್ಕರೆ, ರಕ್ತದೊತ್ತಡ, ಹೆರಿಗೆ, ಮೊಣಕಾಲು, ಕಣ್ಣಿನ ಪೊರೆ, ಶತಾಯುಷಿಯೊಬ್ಬರ ಇಡೀ ಆರೋಗ್ಯ ಚರಿತ್ರೆ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೊಗಳಿಗಿಂತ ಹಗುರ!

ಈಗ ಇದನ್ನು ದೇಶಕ್ಕೆ ಹಿಗ್ಗಿಸೋಣ. 140 ಕೋಟಿ ಜನ, ಎಲ್ಲರೂ ಶತಾಯುಷಿಗಳು, ಎಲ್ಲರಿಗೂ ವಾರಕ್ಕೊಂದು ವರದಿ. 14 ಪೆಟಾಬೈಟ್. ಒಂದರ ಮುಂದೆ ನಾಲ್ಕು, ಅದರ ಮುಂದೆ ಹದಿನೈದು ಸೊನ್ನೆ. ಹೆದರಬೇಡಿ. ಇಂದು 20 ಟೆರಾಬೈಟಿನ ಹಾರ್ಡ್ ಡಿಸ್ಕ್ ಸಿಗುತ್ತದೆ, ದಪ್ಪ 2.6 ಸೆಂಟಿಮೀಟರ್. ಅಂಥವು 700 ಇದ್ದರೆ ಸಾಕು. ಒಂದರ ಮೇಲೊಂದು ಪೇರಿಸಿದರೆ 18 ಮೀಟರಿನ ಗೋಪುರ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು 57 ಅಡಿ, ಅಂದರೆ 17 ಮೀಟರಿಗೆ ಸ್ವಲ್ಪ ಹೆಚ್ಚು. ಇಡೀ ಭಾರತದ ನೂರು ವರ್ಷದ ಕಾಯಿಲೆ ಕಸಾಲೆಯೆಲ್ಲ ಬಾಹುಬಲಿಯ ಪಕ್ಕದಲ್ಲಿ ನಿಂತರೆ ನೆತ್ತಿಗೆ ನೆತ್ತಿ ಸಮ! ಅದು ತಿನ್ನುವ ವಿದ್ಯುತ್? ಡಿಸ್ಕಿಗೆ ಸುಮಾರು 8 ವ್ಯಾಟ್, 700ಕ್ಕೆ 5,600 ವ್ಯಾಟ್. ಸ್ನಾನದ ಮನೆಯ ಎರಡು ಗೀಸರ್ ಹಾಕಿದಷ್ಟು.

ವರದಿಯನ್ನು ಕನ್ನಡದಲ್ಲೇ ಕೊಡಿ ಎಂದರೆ? ಇಂದಿನ ಬಳಕೆಯ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ ಚಿಹ್ನೆಗೆ ಮೂರು ಬೈಟ್ ಬೇಕು. ಹಾಗಾದರೆ ಗೋಪುರ ಮೂರಾಗುತ್ತದೆ, ಗೀಸರ್ ಆರಾಗುತ್ತದೆ. ಅಷ್ಟೇ. ರೋಗಿಗೆ ತನ್ನ ಭಾಷೆಯಲ್ಲಿ ವರದಿ ಕೊಟ್ಟರೆ ತಂತ್ರಾಂಶ ಭಾರವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಆರು ಗೀಸರಿಗೆ 140 ಕೋಟಿ ಜನ!

ಭಾರ ಬರುವುದು ಬೇರೆ ದಾರಿಯಿಂದ. ಲ್ಯಾಬಿನ ಕಂಪ್ಯೂಟರಿನಲ್ಲಿ ಅಕ್ಷರವಾಗಿಯೇ ಹುಟ್ಟಿದ ವರದಿಯನ್ನು ಕಾಗದದ ಮೇಲೆ ಮುದ್ರಿಸುತ್ತಾರೆ. ನಾವು ಅದನ್ನು ಮೇಜಿನ ಮೇಲೆ ಹರಡಿ ಫೋಟೊ ತೆಗೆದು ಆ್ಯಪಿಗೆ ಹಾಕುತ್ತೇವೆ. 2,000 ಬೈಟ್ ಇದ್ದದ್ದು 30 ಲಕ್ಷ ಬೈಟ್ ಆಗುತ್ತದೆ. 1,500 ಪಟ್ಟು! ಅದೇ ಹಿಮೋಗ್ಲೋಬಿನ್, ಅದೇ ಕ್ರಿಯಾಟಿನಿನ್, ಒಂದಕ್ಷರ ಹೆಚ್ಚಿಲ್ಲ. ಮೇಜಿನ ಮೇಲಿನ ಹೂವಿನ ಬಟ್ಟೆ ಮಾತ್ರ ಹೆಚ್ಚುವರಿ. ಎಲ್ಲರ ಎಲ್ಲ ಪುಟಗಳನ್ನೂ ಹೀಗೆ ಇಟ್ಟರೆ 700 ಡಿಸ್ಕಿನ ಜಾಗದಲ್ಲಿ ಹತ್ತೂವರೆ ಲಕ್ಷ ಡಿಸ್ಕ್. ಗೋಪುರದ ಎತ್ತರ 27 ಕಿಲೋಮೀಟರ್. ಮೂರು ಎವರೆಸ್ಟ್ ಪೇರಿಸಿದರೂ ಅದರ ತುದಿ ಸಿಗುವುದಿಲ್ಲ. ದಿನಕ್ಕೆ 2 ಲಕ್ಷ ಯೂನಿಟ್ ವಿದ್ಯುತ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್ ತಾನೆ? ಸಾವಿರ ಮನೆಗಳು ಇಡೀ ತಿಂಗಳು ಬಳಸಬಹುದಾದ ಕರೆಂಟನ್ನು ಈ ಗೋಪುರ ಒಂದೇ ಹಗಲು ರಾತ್ರಿಯಲ್ಲಿ ನುಂಗುತ್ತದೆ.

ಇನ್ನೂ ಇದೆ. ಆರೋಗ್ಯ ದಾಖಲೆಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಚಿತ್ರಗಳನ್ನೂ ಪಿಡಿಎಫ್‌ಗಳನ್ನೂ ಬೇಸ್-64 ಎಂಬ ಅಕ್ಷರವೇಷ ತೊಡಿಸಿ ಕಳಿಸುವುದುಂಟು. ಆ ವೇಷದಲ್ಲಿ ಮೂರು ಬೈಟ್ ನಾಲ್ಕಾಗುತ್ತದೆ. ವೇಷ ಕಳಚದೆ ಹಾಗೆಯೇ ಇಟ್ಟುಕೊಂಡರೆ ಮೂರು ಎವರೆಸ್ಟಿನ ಮೇಲೆ ನಾಲ್ಕನೆಯದು ಸುಮ್ಮನೆ ಬಂದು ಕೂರುತ್ತದೆ!

ಇನ್ನು ಚಿತ್ರವಾಗಿಯೇ ಇರಬೇಕಾದವು. ಸಿಟಿ ಸ್ಕ್ಯಾನಿನ ಒಂದು ಪದರ ಸಾಮಾನ್ಯವಾಗಿ 512 ಚುಕ್ಕಿ ಅಗಲ, 512 ಚುಕ್ಕಿ ಉದ್ದ, ಚುಕ್ಕಿಗೆ ಎರಡು ಬೈಟ್. ಅಂಥ 500 ಪದರ ತೆಗೆದರೆ 26 ಕೋಟಿ ಬೈಟ್. ಇಪ್ಪತ್ತಾರು ಶತಾಯುಷಿಗಳ ಅಕ್ಷರ ದಾಖಲೆ ಒಂದೇ ಸ್ಕ್ಯಾನಿನಲ್ಲಿ. ಬಯಾಪ್ಸಿಯ ಒಂದು ಗಾಜಿನ ಸ್ಲೈಡನ್ನು ಪೂರ್ತಿ ಸ್ಕ್ಯಾನ್ ಮಾಡಿದರೆ ಅಡ್ಡ ಒಂದು ಲಕ್ಷ, ಉದ್ದ ಒಂದು ಲಕ್ಷ ಚುಕ್ಕಿಗಳಾಗಬಹುದು. ಒಟ್ಟು ಸಾವಿರ ಕೋಟಿ ಚುಕ್ಕಿ. ಚುಕ್ಕಿಗೆ ಮೂರು ಬೈಟಿನಂತೆ ಕುಗ್ಗಿಸದೆ ಇಟ್ಟರೆ 3,000 ಕೋಟಿ ಬೈಟ್, ಮೂರು ಸಾವಿರ ಶತಾಯುಷಿಗಳ ಪಾಲು. ಒಬ್ಬರಾದ ಮೇಲೆ ಒಬ್ಬರು ಬದುಕಿದರೆಂದು ಲೆಕ್ಕ ಹಾಕಿ: ಮೂರು ಲಕ್ಷ ವರ್ಷ! ನಮ್ಮ ಜಾತಿಯ ಮನುಷ್ಯ ಈ ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಅಷ್ಟೇ ಕಾಲವಾಗಿದೆ. ಅವನು ಕಾಣಿಸಿಕೊಂಡ ದಿನದಿಂದ ವಾರ ತಪ್ಪದೆ ಬರೆದಿಟ್ಟ ವರದಿಗಳೂ, ಬೆರಳಗಲದ ಒಂದು ಗಾಜಿನ ಚಿತ್ರವೂ ತಕ್ಕಡಿಯಲ್ಲಿ ಸಮ.

ಅದಕ್ಕೂ ದೊಡ್ಡದಕ್ಕೆ ಬೆಂಗಳೂರಿಗೇ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿತು. ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಫರೀದಾಬಾದಿನಲ್ಲಿ ಇರಿಸಿರುವ ಅದರ ಗಾತ್ರ 8 ಪೆಟಾಬೈಟ್. 140 ಕೋಟಿ ಜನರ ನೂರು ವರ್ಷದ ಅಕ್ಷರಕ್ಕೆ 14, ಬರೀ ಹತ್ತು ಸಾವಿರ ಜನರ ಜೀನೋಮಿಗೆ 8! ತಲೆಗೆ 800 ಜಿಬಿ, ಅಂದರೆ 80,000 ಶತಾಯುಷಿಗಳು, 80 ಲಕ್ಷ ವರ್ಷ. ನಮ್ಮ ವಂಶವೂ ಚಿಂಪಾಂಜಿಯ ವಂಶವೂ ಕವಲೊಡೆದದ್ದೇ ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ಆದರೆ ಒಬ್ಬರ ಜೀನೋಮಿನ 300 ಕೋಟಿ ಅಕ್ಷರಗಳಲ್ಲಿ ಮಾದರಿ ಪ್ರತಿಗಿಂತ ಭಿನ್ನವಾಗಿರುವುದು 40–50 ಲಕ್ಷ ಜಾಗಗಳಲ್ಲಿ ಮಾತ್ರ. ಹೆಚ್ಚೆಂದರೆ 600 ಅಕ್ಷರಕ್ಕೆ ಒಂದು! ಜಾಣ ದಾಖಲೆ ಆ ಒಂದನ್ನು ಬರೆದುಕೊಂಡು ಉಳಿದ 599ನ್ನು ಮಾದರಿಗೆ ಬಿಟ್ಟುಬಿಡುತ್ತದೆ.

ಇಟ್ಟುಕೊಳ್ಳುವುದು ಒಂದು ಖರ್ಚು, ಕೇಳುವುದು ಇನ್ನೊಂದು. ‘ಹೊಸ ವರದಿ ಬಂತೇ?’ ಎಂದು ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುವ ಆ್ಯಪನ್ನು ಊಹಿಸಿ. ದಿನಕ್ಕೆ 1,440 ಬಾರಿ, ತಿಂಗಳಿಗೆ 43,200 ಬಾರಿ. ತಿಂಗಳಿಗೊಂದು ವರದಿ ಬರುವವರಿಗೆ 43,199 ಬಾರಿ ‘ಇಲ್ಲ’ ಎಂಬ ಉತ್ತರ! ಪ್ರತಿ ಬಾರಿ ಕೇಳಿದ ಮೇಲೆ ಫೋನಿನ ರೇಡಿಯೊ ಹತ್ತು ಸೆಕೆಂಡು ಎಚ್ಚರವಿದ್ದರೂ ದಿನಕ್ಕೆ ನಾಲ್ಕು ಗಂಟೆ ಕಾವಲು. ಇದನ್ನೇ 73 ಕೋಟಿ ಖಾತೆಗಳಿಗೆ ಹಂಚಿ: ದಿನಕ್ಕೆ ಒಂದು ಲಕ್ಷ ಕೋಟಿ ಪ್ರಶ್ನೆ, ಸೆಕೆಂಡಿಗೆ 1.2 ಕೋಟಿ. ಬೆಂಗಳೂರಿನ ಕೋಟಿ ಮೀರಿದ ಜನರೆಲ್ಲ ಒಟ್ಟಿಗೆ, ಪ್ರತಿ ಸೆಕೆಂಡೂ, ನಿದ್ದೆಯಿಲ್ಲದೆ ಕೂಗಿದಂತೆ. ಬಂದಾಗ ಸರ್ವರೇ ತಿಳಿಸಲಿ ಎಂದು ಬರೆದ ಆ್ಯಪಿಗೆ ತಿಂಗಳಿಗೆ ಒಂದು ಸದ್ದು ಸಾಕು. ಆ ಒಂದು ಸಾಲನ್ನು ಹಾಗೆ ಬರೆದ ಎಂಜಿನಿಯರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಯಾಕೆಂದರೆ ಜಗತ್ತಿನ ಒಟ್ಟು ಲೆಕ್ಕ ದಂಗುಬಡಿಸುವಂತಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಎಲ್ಲ ಬಗೆಯ ಡೇಟಾ ಸೆಂಟರುಗಳು ಸೇರಿ 2024ರಲ್ಲಿ ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಬೇಸಿಗೆಯಿಲ್ಲದೆ, ಬಿಡುವಿಲ್ಲದೆ ಅದು ವರ್ಷಪೂರ್ತಿ ಓಡಿದರೂ ಇಂಥ 46 ಶರಾವತಿಗಳು ಬೇಕು. 2030ಕ್ಕೆ ಅದೇ ಸಂಸ್ಥೆಯ ಮುನ್ನಂದಾಜು 94,500 ಕೋಟಿ ಯೂನಿಟ್. 104 ಶರಾವತಿಗಳು!

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆಯಲ್ಲಿ 2024ರ ಕೊನೆಯ ಹೊತ್ತಿಗೆ ನಡೆದ ಸಮಾಲೋಚನೆಗಳು 30 ಕೋಟಿ ದಾಟಿದ್ದವು. ಒಂದೊಂದರಿಂದ ಹತ್ತೇ ಕಿಲೋಮೀಟರ್ ಓಡಾಟ ಉಳಿಯಿತೆಂದು ಇಟ್ಟುಕೊಳ್ಳಿ. 300 ಕೋಟಿ ಕಿಲೋಮೀಟರ್. ಭೂಮಿಗೆ 75,000 ಸುತ್ತು. ಸೂರ್ಯನ ತನಕ ಹತ್ತು ಬಾರಿ ಹೋಗಿ ಹತ್ತು ಬಾರಿ ಬಂದಷ್ಟು! ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲೇ ಹೋಗುತ್ತಿದ್ದರು ಎಂದರೂ 6 ಕೋಟಿ ಲೀಟರ್ ಪೆಟ್ರೋಲ್. ಲೀಟರಿನೊಳಗಿನ ಶಕ್ತಿ ಸುಮಾರು 9 ಯೂನಿಟ್, ಒಟ್ಟು 54 ಕೋಟಿ ಯೂನಿಟ್. 140 ಕೋಟಿ ಜನರ ಅಕ್ಷರ ದಾಖಲೆ ಹೊತ್ತ ಆ 700 ಡಿಸ್ಕುಗಳು ವರ್ಷವಿಡೀ ತಿರುಗಲು ಬೇಕಾದದ್ದು 49,000 ಯೂನಿಟ್. ಭಾಗಿಸಿ ನೋಡಿ: 11,000 ವರ್ಷ! ಕಳೆದುಹೋಗದಿರಲೆಂದು ಮೂರು ಪ್ರತಿ ಇಟ್ಟರೂ 3,600 ವರ್ಷಕ್ಕೂ ಹೆಚ್ಚು!