ಅಡಿಕೆ ಮಂಡಿಯೂ ಒಂದೇ ಹಾಳೆಯ ಮೋಹವೂ

ಬಿ.ಕಾಂ. ತರಗತಿಗೆ ಡೇಟಾಬೇಸ್ ಪಾಠ ಮಾಡುವ ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ: “ಎಕ್ಸೆಲ್‌ನ ಒಂದೇ ಹಾಳೆಯಲ್ಲಿ ಎಲ್ಲವೂ ಕಣ್ಣೆದುರಿಗೆ ಇರುವಾಗ ಅದನ್ನು ಒಡೆದು ನಾಲ್ಕು ಟೇಬಲ್ ಯಾಕೆ ಮಾಡಬೇಕು ಅಂತ ಹುಡುಗರು ಜಗಳಕ್ಕೇ ಬರ್ತಾರೆ. ಏನು ಹೇಳಲಿ?”

ಏನೂ ಹೇಳಬೇಡಿ ಮೇಷ್ಟ್ರೇ, ನಿಮ್ಮೂರಿನ ಅಡಿಕೆ ಮಂಡಿಯ ಲೆಕ್ಕವನ್ನು ಅವರಿಂದಲೇ ಒಂದೇ ಹಾಳೆಯಲ್ಲಿ ಬರೆಸಿ. ರೈತನ ಹೆಸರು, ಊರು, ಫೋನು, ಲಾಟಿನ ಸಂಖ್ಯೆ, ಅಡಿಕೆಯ ಬಗೆ ರಾಶಿಯೋ ಚಾಲಿಯೋ ಬೆಟ್ಟೆಯೋ, ತೂಕ, ದರ, ಖರೀದಿದಾರ. ಒಬ್ಬ ರೈತ 12 ಲಾಟು ತಂದರೆ ಅವನ ಫೋನ್ ನಂಬರು 12 ಸಲ. ನಂಬರು ಬದಲಾದಾಗ ಗುಮಾಸ್ತರು 11 ಕಡೆ ತಿದ್ದಿ ಒಂದನ್ನು ಮರೆತರೆ, ಹಾಳೆಯೇ ಎರಡು ನಾಲಿಗೆಯಲ್ಲಿ ಮಾತಾಡತೊಡಗುತ್ತದೆ. ಈಗಷ್ಟೇ ಸದಸ್ಯನಾಗಿ, ಇನ್ನೂ ಅಡಿಕೆ ತರದ ರೈತನನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ. ಒಂದೇ ಲಾಟು ತಂದವನು ಅದನ್ನು ವಾಪಸು ಒಯ್ದಾಗ ಸಾಲು ಅಳಿಸಿದರೆ, ಅಡಿಕೆಯ ಜೊತೆಗೆ ರೈತನೂ ಮಾಯ!

ಇದಕ್ಕೆ ಮದ್ದು ಹುಡುಕಿದವನು ಎಡ್ಗರ್ ಕಾಡ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ಹಾರಿಸಿದವನು, ಓದಿನಿಂದ ಗಣಿತಜ್ಞ. ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ, 1970ರಲ್ಲಿ, ಮಾಹಿತಿಯನ್ನೆಲ್ಲ ಸರಳ ಟೇಬಲ್‌ಗಳಲ್ಲಿಟ್ಟು ಗಣಿತದ ನಿಯಮಗಳಿಂದ ಜೋಡಿಸಬಹುದೆಂದು ಪ್ರಬಂಧ ಬರೆದ. ಅದಕ್ಕೂ ಮುಂಚೆ ಐಬಿಎಂ ಮಾರುತ್ತಿದ್ದದ್ದು ಅಪೋಲೋ ಚಂದ್ರಯಾನದ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿದ ಐಎಂಎಸ್ ಎಂಬ ವ್ಯವಸ್ಥೆ. ಅದರಲ್ಲಿ ಮಾಹಿತಿ ವಂಶವೃಕ್ಷದಂತೆ ಮೇಲಿನಿಂದ ಕೆಳಕ್ಕೆ ಕವಲೊಡೆಯುತ್ತಿತ್ತು. ಯಾವ ಕೊಂಬೆ ಹಿಡಿದು ಇಳಿಯಬೇಕೆಂದು ಪ್ರೋಗ್ರಾಂ ಬರೆಯುವವನಿಗೇ ಗೊತ್ತಿರಬೇಕಿತ್ತು. ಕಾಡ್ ಹೇಳಿದ್ದು ಬೇರೆ: ಏನು ಬೇಕೆಂದು ನೀವು ಹೇಳಿ, ಹುಡುಕುವ ದಾರಿ ಯಂತ್ರ ನೋಡಿಕೊಳ್ಳಲಿ. ಕೈಯಲ್ಲಿ ಚೆನ್ನಾಗಿ ಓಡುವ ಸರಕಿದ್ದ ಕಂಪನಿ ಇದನ್ನು ಮಾರುಕಟ್ಟೆಗೆ ತರಲು ಅವಸರಪಡಲಿಲ್ಲ. 1981ರಲ್ಲಿ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಸರಿ, ರೈತರಿಗೊಂದು ಟೇಬಲ್, ಲಾಟುಗಳಿಗೊಂದು, ಖರೀದಿದಾರರಿಗೊಂದು, ಮಾರಾಟಕ್ಕೊಂದು. ರೈತನ ಗುರುತಿಗೆ ಅವನ ಹೆಸರನ್ನೇ ಇಟ್ಟರೆ? ಒಂದೇ ಊರಲ್ಲಿ ಮೂವರು ಗಣಪತಿ ಹೆಗಡೆಯರು ಇರುವ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೇಳಲೇಬಾರದು. ಸಾಲದ್ದಕ್ಕೆ ಸಂಖ್ಯಾಶಾಸ್ತ್ರದ ಪೀಡೆ ಬೇರೆ: ಅದೃಷ್ಟ ಖುಲಾಯಿಸಲೆಂದು ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಇನ್ನೊಂದು ‘ಎ’ ಸೇರಿಸಿಕೊಂಡವರು, ಹೆಸರಿನಿಂದ ಹುಡುಕುವ ಯಂತ್ರದ ಕಣ್ಣಿಗೆ ಬೇರೆಯೇ ಮನುಷ್ಯರು. ಅದೃಷ್ಟ ಬಂದರೂ ಹಳೆಯ ಖಾತೆಯ ಹಣ ಬರಲಿಕ್ಕಿಲ್ಲ! ಮಂಡಿಯೇ ಒಂದು ಸದಸ್ಯ ಸಂಖ್ಯೆ ಕೊಟ್ಟುಬಿಟ್ಟರೆ ಈ ತಾಪತ್ರಯ ಇಲ್ಲ.

ಇಲ್ಲಿಯವರೆಗಿನದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ನನಗೆ ಬಲು ಇಷ್ಟವಾದ ಸಂಗತಿ ಇದರ ಮುಂದಿದೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು ಎಂದು ಕಲಿತ ಜಾಣ ಹುಡುಗಿ, ಮಂಡಿಯ ಕಮಿಷನ್ ದರವನ್ನೂ ಒಂದೇ ಕಡೆ ಬರೆದಿಡುತ್ತಾಳೆ, ಶೇ 2 ಎಂದು. ಕ್ವಿಂಟಲ್‌ಗೆ 40,000 ರೂಪಾಯಿಯಂತೆ 5 ಕ್ವಿಂಟಲ್ ರಾಶಿ ಮಾರಿದ ರೈತನಿಗೆ 2 ಲಕ್ಷದಲ್ಲಿ 4,000 ಕಳೆದು ಬಿಲ್ಲು ಕೊಟ್ಟಾಗಿದೆ. ಮರುವರ್ಷ ಕಮಿಷನ್ ಶೇ 3 ಆಯಿತೆನ್ನಿ. ಅವಳು ಒಂದೇ ಕಡೆ ತಿದ್ದುತ್ತಾಳೆ, ಎಷ್ಟು ಚೆಂದ! ಆಮೇಲೆ ರೈತ ಬ್ಯಾಂಕಿಗೆಂದು ಹಳೆಯ ಬಿಲ್ಲಿನ ಇನ್ನೊಂದು ಪ್ರತಿ ಕೇಳಿದರೆ, ಅದರಲ್ಲಿ 6,000 ಕಳೆದಿರುತ್ತದೆ. ಹೋದ ವರ್ಷದ ಮಾರಾಟ ಈ ವರ್ಷ ಬದಲಾಗಿಬಿಟ್ಟಿದೆ.

ಯಂತ್ರ ತಪ್ಪು ಮಾಡಿಲ್ಲ, ಹೇಳಿದಂತೆಯೇ ಕೂಡಿ ಕಳೆದಿದೆ. “ಇಂದಿನ ಕಮಿಷನ್” ಮತ್ತು “ಆ ಮಾರಾಟಕ್ಕೆ ಹಿಡಿದ ಕಮಿಷನ್” ಎರಡು ಬೇರೆ ಸಂಗತಿಗಳು; ದರ ಒಂದೇ ಇರುವಷ್ಟು ದಿನ ಅವಳಿಗಳಂತೆ ಕಂಡವು, ಅಷ್ಟೇ. ಹಾಗಾಗಿ ಪ್ರತಿ ಮಾರಾಟದ ಸಾಲಿನಲ್ಲೂ ಅಂದಿನ ದರ ಬರೆಯಬೇಕು, ಇಲ್ಲವೇ ಯಾವ ತಾರೀಕಿನಿಂದ ಯಾವ ದರ ಎಂಬುದನ್ನು ಅಳಿಸದೆ ಇಟ್ಟುಕೊಳ್ಳಬೇಕು. ಮೊದಲನೆಯದನ್ನು ಕಂಡು “ಇದು ಪುನರಾವರ್ತನೆ” ಎಂದು ಅಂಕ ಕಳೆಯುವ ಪರೀಕ್ಷಕರಿಗೆ ನನ್ನ ಕಡೆಯಿಂದ ಒಂದು ಗದರಿಕೆ ಇರಲಿ.

ಮೇಷ್ಟ್ರೇ, ಮುಂದಿನ ಪರೀಕ್ಷೆಗೆ ಇದನ್ನು ಕೊಟ್ಟು ನೋಡಿ: ತಂದೆಯ ತೋಟ ಇಬ್ಬರು ಮಕ್ಕಳಿಗೆ ಹಿಸೆಯಾಯಿತು, ತಂದೆಯ ಹೆಸರಲ್ಲಿ ಬಂದು ಇನ್ನೂ ಮಾರಾಟವಾಗದೆ ಗೋದಾಮಿನಲ್ಲಿರುವ ಲಾಟು ಯಾರ ಸಂಖ್ಯೆಗೆ ಸೇರಬೇಕು? ಉತ್ತರ ಬರೆಯುವ ಮುಂಚೆ ಮಂಡಿಯ ಗುಮಾಸ್ತರನ್ನು ಕೇಳಿ ಬರಲು ಒಂದು ದಿನ ಬಿಡಿ.